ಗಾಣದ ಎಣ್ಣೆ, ಹುಚ್ಚೆಳ್ಳಿನ ಪುಡಿ ಮತ್ತು ಹಸಿರು ಗುಳಿಗೆ



ಕೆಲವು ತಿಂಗಳುಗಳಿಂದ ನನಗೆ ಬರುತ್ತಿರುವ ಪತ್ರಗಳಲ್ಲಿಯೂ ದೂರವಾಣಿ ಕರೆಗಳಲ್ಲಿಯೂ ಒಂದು ಪ್ರಶ್ನೆ ಪದೇ ಪದೇ ಕಾಣಿಸಿಕೊಳ್ಳುತ್ತಿದೆ. "ಸಾರ್, ಅಮ್ಮನಿಗೆ ಕಾಲು ಸೆಳೆತ, ವಿಟಮಿನ್ ಇ ಗುಳಿಗೆ ಕೊಡಬಹುದೇ?" ಎಂದು ಒಬ್ಬರು, "ಕೂದಲು ಉದುರುತ್ತಿದೆ, ಹಸಿರು ಕ್ಯಾಪ್ಸೂಲು ಒಳ್ಳೆಯದಂತೆ ಹೌದೇ?" ಎಂದು ಇನ್ನೊಬ್ಬರು. ನಾನು ವೈದ್ಯನಲ್ಲ. ಮೂರು ದಶಕಗಳಿಗೂ ಮೀರಿ ಹಳ್ಳಿಯ ಶಾಲೆಗಳಲ್ಲಿ ಸಮಾಜ ಪಾಠವನ್ನೂ, ಮೇಷ್ಟರ ಕೊರತೆಯಿದ್ದಾಗಲೆಲ್ಲ ವಿಜ್ಞಾನ ಪಾಠವನ್ನೂ ಮಾಡಿದವನು. ಆದುದರಿಂದ ಗುಳಿಗೆಯನ್ನು ಬರೆದುಕೊಡುವ ಅಧಿಕಾರ ನನಗಿಲ್ಲ. ಆದರೆ ಆ ಗುಳಿಗೆಯ ಚರಿತ್ರೆಯನ್ನು ಹೇಳಬಲ್ಲೆ. ಆ ಚರಿತ್ರೆ ಅಮೆರಿಕದ ಒಂದು ಇಲಿಮನೆಯಿಂದ ಹೊರಟು ನಮ್ಮ ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಹೊಲದ ಅಂಚಿಗೆ ಬಂದು ನಿಲ್ಲುತ್ತದೆ ಎಂಬುದು ನನಗೆ ಬಹಳ ಸ್ವಾರಸ್ಯಕರವಾಗಿ ಕಂಡಿದೆ.

ಎಣ್ಣೆಯ ಸೀಮೆ

ನಮ್ಮ ಸೀಮೆಯ ಶಾಸನಗಳನ್ನು ಓದಿದವರಿಗೆ ಒಂದು ವಿಷಯ ತಾನಾಗಿ ಗಮನಕ್ಕೆ ಬರುತ್ತದೆ. 1902ರಲ್ಲಿ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಹೊಯ್ಸಳರ ಕಾಲದ ಶಾಸನಗಳಲ್ಲಿ ಯುದ್ಧದ, ವಂಶಾವಳಿಯ ವರ್ಣನೆಗಳು ಮುಗಿದ ಮೇಲೆ, ಕೊನೆಯ ಸಾಲುಗಳಲ್ಲಿ, ಬಹುಪಾಲು ಓದುಗರು ದಾಟಿ ಹೋಗುವ ಭಾಗದಲ್ಲಿ, ಎಣ್ಣೆಯ ಮಾತು ಬರುತ್ತದೆ. ದೇವರ ನಂದಾದೀವಿಗೆಗೆ ಇಂತಿಷ್ಟು ಎಣ್ಣೆ, ಗಾಣವೊಂದಕ್ಕೆ ಇಂತಿಷ್ಟು ಸೊಲ್ಲಗೆ, ಗಾಣದೆರೆಯನ್ನು ದೇವಾಲಯಕ್ಕೆ ಬಿಟ್ಟಿದ್ದು, ತೆಲ್ಲಿಗರು ಒಕ್ಕಲಾಗಿ ಸೇರಿ ಒಪ್ಪಿಕೊಂಡ ಕಟ್ಟಳೆ, ಹೀಗೆ. ತೆಲ್ಲಿಗರೆಂದರೆ ಎಣ್ಣೆ ತೆಗೆಯುವವರು, ಇಂದು ನಾವು ಗಾಣಿಗರೆನ್ನುವ ಜನ.

ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ಕೇಶವನನ್ನು ಪ್ರತಿಷ್ಠೆ ಮಾಡಿಸಿದ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಕೆಲಸ 1121ರ ಹೊತ್ತಿಗೆ ನಡೆದಿತ್ತು. ಅರಸಿಯ ಕೆರೆಯೆಂಬ ಹೆಸರು ಹೊತ್ತ ಅರಸೀಕೆರೆಯ ಶಿವಾಲಯ 1220ರ ಸುಮಾರಿನದು. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಲೋಕವೆಲ್ಲ ಕಲ್ಲನ್ನು ಹೊಗಳಿತು. ಕಲ್ಲಿನೊಳಗಿನ ಕತ್ತಲೆಯಲ್ಲಿ ಮೂರ್ತಿ ಕಾಣಬೇಕಾದರೆ ಎಣ್ಣೆ ಬೇಕಾಗಿತ್ತು. ಆ ಎಣ್ಣೆಯನ್ನು ಕೊಟ್ಟವರು ಸುತ್ತಲಿನ ಬಯಲ ಹೊಲದವರು. ಹಲವು ಹಳ್ಳಿಗಳಲ್ಲಿ ಊರ ಹೊರಗೆ ಇಂದಿಗೂ ಬಿದ್ದಿರುವ ಕಲ್ಲುಗಾಣಗಳು ಇದಕ್ಕೆ ಸಾಕ್ಷಿ. ಮಕ್ಕಳು ಅವುಗಳನ್ನು ಒರಳೆಂದು ತಿಳಿದು ಆಟವಾಡುತ್ತಾರೆ.

ಎಳ್ಳು, ಹರಳು, ಹಿಪ್ಪೆ, ಹೊಂಗೆ, ಹುಚ್ಚೆಳ್ಳು ಇವು ನಮ್ಮ ಸೀಮೆಯ ಹಳೆಯ ಎಣ್ಣೆಕಾಳುಗಳು. ಕೆಲವು ದೀಪಕ್ಕೆ, ಕೆಲವು ಊಟಕ್ಕೆ, ಕೆಲವು ಗಾಡಿಯ ಕೀಲಿಗೆ. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದದ್ದು. ಹೊಯ್ಸಳರಿಗೆ ಅದು ಗೊತ್ತಿರಲಿಲ್ಲ. ಇನ್ನು ತೆಂಗು. ಅರಸೀಕೆರೆಯ ಹೆಸರು ಹೇಳಿದೊಡನೆ ನೆನಪಾಗುವುದು ರೈಲು ಜಂಕ್ಷನ್ನು ಮತ್ತು ಕೊಬ್ಬರಿ. ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿಟ್ಟು, ಒಳಗಿನ ನೀರು ಬತ್ತಿ ತಿರುಳು ಕರಟದಿಂದ ತಾನಾಗಿ ಬಿಟ್ಟುಕೊಂಡ ಮೇಲೆ ಒಡೆದು ತೆಗೆದ ಉಂಡೆ ಕೊಬ್ಬರಿ, ತಿಪಟೂರು ಮತ್ತು ಅರಸೀಕೆರೆ ಮಾರುಕಟ್ಟೆಗಳಿಂದ ಉತ್ತರ ಭಾರತಕ್ಕೆ ಹೋಗುತ್ತದೆ.

ಇಲ್ಲಿಯೇ ಒಂದು ಒಗಟಿದೆ. ತೆಂಗಿನ ಎಣ್ಣೆಯಲ್ಲಿ ವಿಟಮಿನ್ ಇ ಇಲ್ಲವೆನ್ನುವಷ್ಟು ಕಡಿಮೆ, ನೂರು ಗ್ರಾಮಿಗೆ ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಭಾಗದಷ್ಟು. ಹಾಗಾದರೆ ಬೆಳಿಗ್ಗೆ ಚಟ್ನಿಗೆ ಕಾಯಿ, ಮಧ್ಯಾಹ್ನ ಸಾರಿಗೆ ಕಾಯಿ, ಹಬ್ಬಕ್ಕೆ ಕೊಬ್ಬರಿ ಎಂದು ತಲೆಮಾರುಗಳಿಂದ ತಿನ್ನುತ್ತ ಬಂದ ನಮ್ಮ ಸೀಮೆಯ ಜನಕ್ಕೆ ವಿಟಮಿನ್ ಇ ಕೊರತೆ ಏಕೆ ಕಾಡಲಿಲ್ಲ? ಇದಕ್ಕೆ ಉತ್ತರ ಸಿಕ್ಕರೆ ಗುಳಿಗೆಯ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂತೆ.

ಇಲಿಮನೆಯಲ್ಲಿ ಹುಟ್ಟಿದ ವಿಟಮಿನ್ನು

1922ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಎಂಬ ಇಬ್ಬರು ವಿಜ್ಞಾನಿಗಳು ಇಲಿಗಳಿಗೆ ಶುದ್ಧೀಕರಿಸಿದ ಆಹಾರವನ್ನು ಕೊಟ್ಟು ಪರೀಕ್ಷಿಸುತ್ತಿದ್ದರು. ಹಾಲಿನ ಪ್ರೋಟೀನು, ಪಿಷ್ಟ, ಹಂದಿಯ ಕೊಬ್ಬು, ಲವಣಗಳು, ಯೀಸ್ಟು ಎಲ್ಲವೂ ಅದರಲ್ಲಿದ್ದವು. ಇಲಿಗಳು ಚೆನ್ನಾಗಿಯೇ ಬೆಳೆದವು. ಆದರೆ ಹೆಣ್ಣಿಲಿಗಳು ಬಸುರಾದರೂ ಮರಿ ಹಾಕಲಿಲ್ಲ. ಭ್ರೂಣ ಗರ್ಭದಲ್ಲಿಯೇ ಕರಗಿಹೋಗುತ್ತಿತ್ತು. ಆಹಾರದೊಡನೆ ಹಸಿರು ಲೆಟ್ಯೂಸ್ ಸೊಪ್ಪನ್ನು ಕೊಟ್ಟಾಗ ಮರಿಗಳು ಹುಟ್ಟಿದವು. ಗೋಧಿಯ ಮೊಳಕೆಭಾಗದಿಂದಲೂ ಅದೇ ಫಲ ದೊರೆಯಿತು. ಸೊಪ್ಪಿನಲ್ಲಿಯೂ ಕಾಳಿನಲ್ಲಿಯೂ ಇದ್ದ ಆ ಅಜ್ಞಾತ ವಸ್ತುವನ್ನು ಅವರು ಎಕ್ಸ್ ಅಂಶವೆಂದು ಕರೆದರು. ಎ, ಬಿ, ಸಿ, ಡಿ ಆಗಲೇ ಹೆಸರಾಗಿದ್ದುದರಿಂದ 1924ರಲ್ಲಿ ಬಾರ್ನೆಟ್ ಶ್ಯೂರ್ ಅದಕ್ಕೆ ವಿಟಮಿನ್ ಇ ಎಂದು ಹೆಸರಿಟ್ಟರು.

1936ರಲ್ಲಿ ಇವಾನ್ಸ್ ತಂಡ ಗೋಧಿ ಮೊಳಕೆಯ ಎಣ್ಣೆಯಿಂದ ಅದನ್ನು ಬೇರ್ಪಡಿಸಿತು. ಗ್ರೀಕ್ ಭಾಷೆಯಲ್ಲಿ ಟೋಕೋಸ್ ಎಂದರೆ ಹೆರಿಗೆ, ಫೆರೀನ್ ಎಂದರೆ ಹೊರುವುದು. ಈ ಎರಡನ್ನೂ ಕೂಡಿಸಿ ಟೋಕೋಫೆರಾಲ್ ಎಂಬ ಹೆಸರು ಮಾಡಿದರು. 1938ರಲ್ಲಿ ಸ್ವಿಟ್ಜರ್ಲೆಂಡಿನ ಪೌಲ್ ಕಾರರ್ ಪ್ರಯೋಗಾಲಯದಲ್ಲಿ ಅದನ್ನು ಕೃತಕವಾಗಿ ತಯಾರಿಸಿದರು. ಗುಳಿಗೆಗಳ ಕಾಲ ಅಲ್ಲಿಂದ ಆರಂಭ.

ಹೆಸರಿನಲ್ಲಿ ಹೆರಿಗೆಯಿದ್ದ ಮಾತ್ರಕ್ಕೆ ಬಂಜೆತನಕ್ಕೆ ಇದು ಮದ್ದೆಂಬ ನಂಬಿಕೆ ಹಬ್ಬಿತು. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಹಾಗೆಯೇ ಕಾಣಲಿಲ್ಲ. ಆದರೂ ನಮ್ಮ ಊರುಗಳಲ್ಲಿ ಮಕ್ಕಳಾಗದ ದಂಪತಿಗಳ ಕೈಗೆ ಈ ಗುಳಿಗೆ ಇಂದಿಗೂ ಬಂದು ಸೇರುವುದುಂಟು. ನೂರು ವರ್ಷಗಳ ಹಿಂದಿನ ಇಲಿಯ ಕಥೆ ಎಷ್ಟು ದೂರ ನಡೆದು ಬಂದಿದೆ ನೋಡಿ!

ಬಣವೆಗೆ ಬಿದ್ದ ಕಿಡಿ

ವಿಟಮಿನ್ ಇ ದೇಹದಲ್ಲಿ ಮಾಡುವ ಕೆಲಸವನ್ನು ತರಗತಿಯಲ್ಲಿ ನಾನು ರಾಗಿ ಹುಲ್ಲಿನ ಬಣವೆಯ ದೃಷ್ಟಾಂತದಿಂದ ಹೇಳುತ್ತಿದ್ದೆ. ನಮ್ಮ ಜೀವಕೋಶಗಳ ಪೊರೆಯಲ್ಲಿ ಕೊಬ್ಬಿನ ಅಂಶವಿದೆ. ಅದರಲ್ಲಿ ಬಹು ಅಪರ್ಯಾಪ್ತ ಕೊಬ್ಬೆಂಬುದು ಆಮ್ಲಜನಕದೊಡನೆ ಬೇಗ ಉರಿಯುವ ಒಣಹುಲ್ಲಿನಂತೆ. ಒಂದು ಕಿಡಿ ಬಿದ್ದರೆ ಪಕ್ಕದ ಕಡ್ಡಿಗೆ, ಅಲ್ಲಿಂದ ಮುಂದಿನ ಕಡ್ಡಿಗೆ ಹಬ್ಬುತ್ತ ಹೋಗುತ್ತದೆ. ಟೋಕೋಫೆರಾಲ್ ಆ ಸರಪಣಿಯ ನಡುವೆ ಹಸಿ ಗೋಣಿಯಂತೆ ಬಂದು ಕಿಡಿಯನ್ನು ತನ್ನ ಮೇಲೆ ತೆಗೆದುಕೊಳ್ಳುತ್ತದೆ. ಹಾಗೆ ಸುಟ್ಟುಕೊಂಡ ಗೋಣಿಯನ್ನು ಮತ್ತೆ ನೆನೆಸಿಕೊಡುವ ಕೆಲಸ ವಿಟಮಿನ್ ಸಿ ಮಾಡುತ್ತದೆ.

ಎಣ್ಣೆಗೆ ಕಮಟು ವಾಸನೆ ಬರುವುದೂ ಇದೇ ಕ್ರಿಯೆಯಿಂದ. ಡಬ್ಬಿಯಲ್ಲಿಟ್ಟ ಹುಚ್ಚೆಳ್ಳೆಣ್ಣೆ ಬೇಗ ಕಮಟುತ್ತದೆ, ತೆಂಗಿನೆಣ್ಣೆ ಬಹುಕಾಲ ತಡೆಯುತ್ತದೆ. ಹುಚ್ಚೆಳ್ಳೆಣ್ಣೆಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಭಾಗ ಆ ಒಣಹುಲ್ಲು, ಅಂದರೆ ಲಿನೋಲಿಯಿಕ್ ಆಮ್ಲ. ತೆಂಗಿನೆಣ್ಣೆಯಲ್ಲಿ ಅದು ನೂರಕ್ಕೆ ಎರಡು ಭಾಗ ಮಾತ್ರ. ಕಾರಣ ಅಷ್ಟೇ.

ಇಲ್ಲಿಗೆ ನಮ್ಮ ಒಗಟಿನ ಮೊದಲ ಗಂಟು ಬಿಚ್ಚಿತು. ವಿಟಮಿನ್ ಇ ಎಷ್ಟು ಬೇಕೆಂಬುದು ನಾವು ಯಾವ ಕೊಬ್ಬನ್ನು ತಿನ್ನುತ್ತೇವೆ ಎಂಬುದನ್ನು ಅವಲಂಬಿಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಂತೆ, ಆಹಾರದಲ್ಲಿರುವ ಅತ್ಯವಶ್ಯಕ ಕೊಬ್ಬಿನಾಮ್ಲದ ಒಂದು ಗ್ರಾಮಿಗೆ 0.8 ಮಿಲಿಗ್ರಾಂ ಟೋಕೋಫೆರಾಲ್ ಸಾಕು. ದಿನಕ್ಕೆ ಒಟ್ಟಾರೆ 7.5ರಿಂದ 10 ಮಿಲಿಗ್ರಾಂ. (ಅಮೆರಿಕದವರು 2000ದಲ್ಲಿ ತಮಗೆ 15 ಮಿಲಿಗ್ರಾಂ ಎಂದು ನಿಗದಿಮಾಡಿಕೊಂಡರು.) ತೆಂಗು ವಿಟಮಿನ್ ಇಯನ್ನು ತಂದುಕೊಡುವುದಿಲ್ಲ, ನಿಜ, ಆದರೆ ಅದು ಕೇಳುವುದೂ ಇಲ್ಲ. ಸಾಲ ಕೊಡದವನು ಬಡ್ಡಿಯನ್ನೂ ಕೇಳುವುದಿಲ್ಲವಷ್ಟೆ.

ಹೊಲದ ಅಂಚಿನ ಹುಚ್ಚೆಳ್ಳು

ಒಗಟಿನ ಎರಡನೆಯ ಗಂಟು ಅಕ್ಕಡಿ ಸಾಲಿನಲ್ಲಿದೆ. ನಮ್ಮ ಹಿರಿಯರು ರಾಗಿಯ ಹೊಲದಲ್ಲಿ ರಾಗಿಯೊಂದನ್ನೇ ಬಿತ್ತುತ್ತಿರಲಿಲ್ಲ. ಕೆಲವು ಸಾಲಿಗೊಮ್ಮೆ ಅವರೆ, ತೊಗರಿ, ಜೋಳ, ಹರಳು, ಹುಚ್ಚೆಳ್ಳುಗಳ ಅಕ್ಕಡಿ ಹಾಕುತ್ತಿದ್ದರು. ಕಾರ್ತಿಕದ ಹೊತ್ತಿಗೆ ಹಸಿರು ರಾಗಿಯ ನಡುವೆ ಹಳದಿ ಪಟ್ಟೆ ಬಳಿದಂತೆ ಹುಚ್ಚೆಳ್ಳಿನ ಹೂವು ತೂಗುತ್ತಿತ್ತು; ಜೇನುಹುಳಗಳ ಸದ್ದು ದಾರಿಯವರೆಗೂ ಕೇಳುತ್ತಿತ್ತು. ದನ ಅದನ್ನು ಅಷ್ಟಾಗಿ ಮೂಸುವುದಿಲ್ಲವಾದ್ದರಿಂದ ಹೊಲದ ಅಂಚಿಗೆ ಅದೇ ಬೇಲಿ. ಉತ್ತರ ಕರ್ನಾಟಕದವರು ಗುರೆಳ್ಳು ಎನ್ನುವುದು ಇದನ್ನೇ. ಸಸ್ಯಶಾಸ್ತ್ರದಲ್ಲಿ ಗೈಝೋಷಿಯ ಅಬಿಸಿನಿಕ ಎಂದು ಹೆಸರು. ಅಬಿಸಿನಿಯ, ಅಂದರೆ ಇಥಿಯೋಪಿಯ ಇದರ ತವರು. ಬಹು ಹಿಂದೆ ಸಮುದ್ರ ದಾಟಿ ಬಂದು ನಮ್ಮ ಕೆಂಪು ಮಣ್ಣಿಗೆ ಹೊಂದಿಕೊಂಡು, ನಮ್ಮದೇ ಹೆಸರನ್ನು ಪಡೆದ ಬೆಳೆ.

1990ರ ದಶಕದಲ್ಲಿ ಇಥಿಯೋಪಿಯದ ಹುಚ್ಚೆಳ್ಳಿನ ಎಣ್ಣೆಯನ್ನು ಪರೀಕ್ಷಿಸಿದಾಗ ಕಂಡದ್ದು ಇದು. ಕಿಲೋಗ್ರಾಂ ಎಣ್ಣೆಯಲ್ಲಿ 600 ಮಿಲಿಗ್ರಾಮಿಗೂ ಮೀರಿ ಟೋಕೋಫೆರಾಲ್. ಅದರಲ್ಲಿ ಬಹುಪಾಲು, ಹತ್ತರಲ್ಲಿ ಒಂಬತ್ತು ಭಾಗದಷ್ಟು, ಆಲ್ಫಾ ಬಗೆಯದು. ಟೋಕೋಫೆರಾಲುಗಳಲ್ಲಿ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎಂಬ ನಾಲ್ಕು ಬಗೆಗಳಿದ್ದರೂ ನಮ್ಮ ಯಕೃತ್ತು ಆರಿಸಿ ರಕ್ತಕ್ಕೆ ಕಳಿಸುವುದು ಮುಖ್ಯವಾಗಿ ಆಲ್ಫಾವನ್ನು. ಹೋಲಿಕೆಗೆ ಹೇಳುವುದಾದರೆ ನೂರು ಗ್ರಾಂ ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು 41 ಮಿಲಿಗ್ರಾಂ, ಕಡಲೆಕಾಯಿ ಎಣ್ಣೆಯಲ್ಲಿ ಸುಮಾರು 16 ಮಿಲಿಗ್ರಾಂ ಆಲ್ಫಾ ಟೋಕೋಫೆರಾಲ್ ಇದೆ. ಎಳ್ಳೆಣ್ಣೆಯಲ್ಲಿ ಗಾಮಾ ಬಗೆಯೇ ಹೆಚ್ಚು; ಆಲ್ಫಾ ಒಂದೂವರೆ ಮಿಲಿಗ್ರಾಮಿನಷ್ಟೂ ಇಲ್ಲ.

ಈಗ ಲೆಕ್ಕ ಹಾಕಿ, ಗಣಿತದಲ್ಲಿ ಹೆದರುತ್ತಿದ್ದವರೂ ಹಾಕಬಹುದು. ನೂರು ಗ್ರಾಂ ಹುಚ್ಚೆಳ್ಳೆಣ್ಣೆಯಲ್ಲಿ ಸುಮಾರು 70 ಗ್ರಾಂ ಲಿನೋಲಿಯಿಕ್ ಆಮ್ಲ; ಗ್ರಾಮಿಗೆ 0.8ರಂತೆ ಅದು ಕೇಳುವ ಟೋಕೋಫೆರಾಲ್ 56 ಮಿಲಿಗ್ರಾಂ. ಎಣ್ಣೆಯಲ್ಲಿರುವುದೂ ಸರಿಸುಮಾರು ಅಷ್ಟೇ, ಒಂದಿಷ್ಟು ಹೆಚ್ಚು. ಉರಿಯುವ ಹುಲ್ಲನ್ನು ಕೊಟ್ಟ ಪ್ರಕೃತಿ ಅದೇ ಬೀಜದೊಳಗೆ ನಂದಿಸುವ ಗೋಣಿಯನ್ನೂ ಇಟ್ಟಿದೆ. ಎಣ್ಣೆ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬಂದಿದೆ. ಬೀಜಕ್ಕೂ ಇದು ಬೇಕು, ಏಕೆಂದರೆ ಮುಂದಿನ ಮಳೆಯವರೆಗೆ ಅದರೊಳಗಿನ ಎಣ್ಣೆ ಕೆಡದೆ ಇದ್ದರೆ ತಾನೆ ಮೊಳಕೆ?

ಹುಚ್ಚೆಳ್ಳನ್ನು ಹದವಾಗಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಸೇರಿಸಿ ಕುಟ್ಟಿದ ಪುಡಿ ನಮ್ಮ ಮನೆಗಳಲ್ಲಿ ಮುದ್ದೆ, ರೊಟ್ಟಿ, ಅನ್ನ ಮೂರಕ್ಕೂ ಆಗುತ್ತಿತ್ತು. ನನ್ನ ಅಜ್ಜಿ ಒಮ್ಮೆಗೆ ಹದಿನೈದು ದಿನಕ್ಕಾಗುವಷ್ಟನ್ನು ಮಾತ್ರ ಕುಟ್ಟುತ್ತಿದ್ದರು. ಹೆಚ್ಚು ಮಾಡಿದರೆ ಕಮಟುತ್ತದೆ ಎಂಬುದು ಅವರ ನಿಯಮ. ಕಾರಣವನ್ನು ಹೇಳಲು ಅವರಿಗೆ ರಸಾಯನಶಾಸ್ತ್ರ ಬೇಕಾಗಿರಲಿಲ್ಲ. ಬೀಜದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಎಣ್ಣೆಯಿರುವುದರಿಂದ ಇಪ್ಪತ್ತು ಗ್ರಾಂ ಬೀಜದಿಂದ ನಾಲ್ಕು ಮಿಲಿಗ್ರಾಂ ಟೋಕೋಫೆರಾಲ್ ಸಿಗಬಹುದೆಂದು ಅಂದಾಜು ಮಾಡಬಹುದು. ಹುರಿಯುವಾಗ ಸ್ವಲ್ಪ ಹೋಗುತ್ತದೆ. ಉಳಿದದ್ದು ಮಸ್ಸೊಪ್ಪಿನ ಸಾರಿನಿಂದ, ಹುರಿದ ಕಡಲೆಕಾಯಿಯಿಂದ, ಅವರೆಯಿಂದ ಬರುತ್ತಿತ್ತು. ಬೇಲೂರಿನ ಕಡೆ ಅನ್ನ ಹೆಚ್ಚು, ಅರಸೀಕೆರೆಯ ಕಡೆ ಮುದ್ದೆ ಹೆಚ್ಚು. ಆದರೆ ಸೊಪ್ಪು ಎರಡೂ ಕಡೆ ಇತ್ತು. ಅದೃಷ್ಟವಶಾತ್ ಈ ವಿಟಮಿನ್ನು ಒಂದೇ ಮೂಲವನ್ನು ನೆಚ್ಚಿ ಕುಳಿತದ್ದಲ್ಲ.

ಎಣ್ಣೆ ಬದಲಾದ ಬಗೆ

ಆ ಊಟ ಹಾಗೆಯೇ ಉಳಿಯಲಿಲ್ಲ. ಮೊದಲು ಬಂದದ್ದು ವನಸ್ಪತಿ; 1937ರಲ್ಲಿ ಡಾಲ್ಡಾ ಭಾರತದ ಮಾರುಕಟ್ಟೆಗೆ ಬಂತು. ತುಪ್ಪದಲ್ಲಿ ಅದನ್ನು ಬೆರೆಸಿದರೆ ಪತ್ತೆಯಾಗಲೆಂದು ನೂರಕ್ಕೆ ಐದು ಭಾಗ ಎಳ್ಳೆಣ್ಣೆ ಬೆರೆಸಿರಬೇಕೆಂಬ ಕಾನೂನು ಮಾಡಲಾಗಿತ್ತು. ಹೊಯ್ಸಳರ ಕಾಲದಲ್ಲಿ ದೇವರ ದೀಪ ಬೆಳಗಿದ ಎಳ್ಳು ಹೀಗೆ ಕಳ್ಳರನ್ನು ಹಿಡಿಯುವ ಕೆಲಸಕ್ಕೂ ನಿಂತಿತು!

ನಮ್ಮಲ್ಲಿ ಹಿರಿಯರಿಗೆ ಶಾಲೆಯ ಕೇರ್ ಉಪ್ಪಿಟ್ಟು ನೆನಪಿರಬಹುದು. ಅಮೆರಿಕದಿಂದ ಬಂದ ಹಳದಿ ಹಿಟ್ಟು, ಡಬ್ಬಿಯ ಎಣ್ಣೆ, ಹಾಲಿನ ಪುಡಿ. ಅದರ ವಾಸನೆ ಹಿಡಿಸದೆ ಬಾಗಿಲ ಸಂದಿಯಲ್ಲಿ ಇಟ್ಟುಹೋಗುತ್ತಿದ್ದವರೂ ಇದ್ದರು, ಎರಡನೆಯ ಸಲ ಕೈಯೊಡ್ಡುತ್ತಿದ್ದವರೂ ಇದ್ದರು. ಎರಡನೆಯವರೇ ಹೆಚ್ಚು. ಅಂದಿನ ಮಕ್ಕಳ ಕೊರತೆ ವಿಟಮಿನ್ ಇಯದಲ್ಲ. ಹೊಟ್ಟೆ ತುಂಬ ಅನ್ನದ್ದು, ಪ್ರೋಟೀನಿನದು, ಕಬ್ಬಿಣದ್ದು, ವಿಟಮಿನ್ ಎಯದು. ಸರ್ಕಾರ 1970ರಲ್ಲಿ ಕುರುಡುತನ ತಡೆಗೆ ವಿಟಮಿನ್ ಎ ಹಂಚುವ ಯೋಜನೆ ತಂದದ್ದೂ, ಇಂದಿಗೂ ಕಬ್ಬಿಣದ ಮಾತ್ರೆ ಹಂಚುವುದೂ ಈ ಕಾರಣಕ್ಕೆ. ವಿಟಮಿನ್ ಇ ಹಂಚುವ ಯೋಜನೆಯ ಅಗತ್ಯ ಯಾರಿಗೂ ಕಾಣಲಿಲ್ಲ.

1969ರಲ್ಲಿ ಸೋವಿಯತ್ ಒಕ್ಕೂಟದಿಂದ ಸೂರ್ಯಕಾಂತಿಯ ತಳಿಗಳು ಭಾರತಕ್ಕೆ ಬಂದವು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಬಿಎಸ್‌ಎಚ್-1 ಎಂಬ ಹೈಬ್ರಿಡ್ ತಳಿಯನ್ನು ಬಿಡುಗಡೆ ಮಾಡಿತು. 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಆರಂಭವಾಯಿತು. ನಮ್ಮ ಬಯಲಿನಲ್ಲಿ ಹುಚ್ಚೆಳ್ಳಿನ ಸಣ್ಣ ಹಳದಿ ಹೋಗಿ ಸೂರ್ಯಕಾಂತಿಯ ದೊಡ್ಡ ಹಳದಿ ಬಂತು. ಆಮೇಲೆ 1994ರಿಂದ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. 1997ರಲ್ಲಿ ಬಾಗೇಪಲ್ಲಿಯ ಕಡೆ ಮೊದಲು ಕಂಡ ನೆಕ್ರೋಸಿಸ್ ರೋಗ ಸೂರ್ಯಕಾಂತಿಯನ್ನು ಹಿಡಿಯಿತು. ಸುಮಾರು ಅದೇ ವೇಳೆಗೆ, 1998ರ ನಂತರ, ತೆಂಗಿಗೆ ನುಸಿ ಬಿತ್ತು. ಎಣ್ಣೆಯ ಸೀಮೆಯವರಾದ ನಾವು ಎಣ್ಣೆಯನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಅಂಗಡಿಯಿಂದ ತರುವವರಾದೆವು.

ಆದರೂ ನ್ಯಾಯವಾಗಿ ಹೇಳಬೇಕೆಂದರೆ, ವಿಟಮಿನ್ ಇ ದೃಷ್ಟಿಯಿಂದ ಇದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ. ಶುದ್ಧೀಕರಿಸುವಾಗ ಟೋಕೋಫೆರಾಲಿನ ಒಂದು ಪಾಲು ಹೋಗುವುದು ನಿಜ. ಆದರೂ ದಿನಕ್ಕೆ ಮೂರು ಚಿಕ್ಕ ಚಮಚ ಸೂರ್ಯಕಾಂತಿ ಎಣ್ಣೆಯಲ್ಲಿ ಐದಾರು ಮಿಲಿಗ್ರಾಂ ಉಳಿದಿರುತ್ತದೆ. ಗಾಣದ ಎಣ್ಣೆಯ ಅಂಗಡಿಗಳು ಈಚೆಗೆ ಮತ್ತೆ ತೆರೆದಿವೆ. ರುಚಿಗೆ, ಘಮಕ್ಕೆ ಅದು ಶ್ರೇಷ್ಠ. ಆದರೆ ಗಾಣದ ಎಣ್ಣೆ ತಿನ್ನದವರಿಗೆಲ್ಲ ವಿಟಮಿನ್ ಕೊರತೆಯಾಗುತ್ತದೆ ಎಂಬ ಜಾಹೀರಾತಿನ ಮಾತನ್ನು ನಂಬಬೇಕಾಗಿಲ್ಲ. 2017ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕಗಳಲ್ಲಿ ಟೋಕೋಫೆರಾಲುಗಳ ವಿವರವೂ ಇದೆ. ಆಸಕ್ತರು ನೋಡಬಹುದು.

ನಿಜವಾದ ಕೊರತೆ ಯಾರಿಗೆ?

1953ರಿಂದ ಹಲವು ವರ್ಷ ಅಮೆರಿಕದ ಎಲ್ಜಿನ್ ಎಂಬ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ಮ್ಯಾಕ್ಸ್ ಹಾರ್ವಿಟ್ ಎಂಬವರು ಕೆಲವರಿಗೆ ಬೇಕೆಂದೇ ವಿಟಮಿನ್ ಇ ಕಡಿಮೆಯಿರುವ ಆಹಾರವನ್ನು ಕೊಟ್ಟು ನೋಡಿದರು. ಅಂಥ ಪ್ರಯೋಗಕ್ಕೆ ಇಂದು ಯಾರೂ ಅನುಮತಿ ಕೊಡಲಾರರು, ಕೊಡಲೂಬಾರದು. ಕಂಡದ್ದೇನೆಂದರೆ, ರಕ್ತದಲ್ಲಿ ವಿಟಮಿನ್ ಇಳಿಯಲು ಬಹಳ ಕಾಲ ಹಿಡಿಯಿತು. ಇಳಿದ ಮೇಲೂ ಕೆಂಪು ರಕ್ತಕಣಗಳು ಸುಲಭವಾಗಿ ಒಡೆಯುವುದಲ್ಲದೆ ಬೇರೆ ರೋಗಲಕ್ಷಣ ಕಾಣಲಿಲ್ಲ. ದೇಹದ ಕೊಬ್ಬಿನಲ್ಲಿ ದಾಸ್ತಾನಿರುವುದರಿಂದ ಒಂದೆರಡು ತಿಂಗಳ ಪಥ್ಯದಿಂದ ಯಾರಿಗೂ ಈ ಕೊರತೆ ಬರುವುದಿಲ್ಲ.

ಹಾಗಾದರೆ ಕೊರತೆ ಬರುವುದು ಯಾರಿಗೆ? ತಿಂದ ಕೊಬ್ಬು ಜೀರ್ಣವಾಗಿ ರಕ್ತಕ್ಕೆ ಸೇರದವರಿಗೆ. ಪಿತ್ತನಾಳದ ತೊಂದರೆಯಿರುವ ಮಕ್ಕಳು, ಮೇದೋಜೀರಕ ಗ್ರಂಥಿಯ ದೀರ್ಘ ಕಾಯಿಲೆಯವರು, ಕರುಳಿನ ದೊಡ್ಡ ಭಾಗ ತೆಗೆಸಿಕೊಂಡವರು, ಹುಟ್ಟಿನಿಂದಲೇ ಕೊಬ್ಬನ್ನು ಸಾಗಿಸಲಾಗದ ಅಪರೂಪದ ದೋಷವುಳ್ಳವರು. ಇನ್ನೊಂದು ಬಗೆಯೂ ಇದೆ. ಯಕೃತ್ತಿನಲ್ಲಿ ಆಲ್ಫಾ ಟೋಕೋಫೆರಾಲನ್ನು ಆರಿಸಿ ಕಳಿಸುವ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದರೆ, ಎಷ್ಟು ತಿಂದರೂ ರಕ್ತದಲ್ಲಿ ನಿಲ್ಲುವುದಿಲ್ಲ. 1995ರಲ್ಲಿ ಈ ಕಾರಣ ಪತ್ತೆಯಾಯಿತು. ಅಂಥ ಮಕ್ಕಳು ಸಾಮಾನ್ಯವಾಗಿ ಹದಿಹರೆಯದ ಆಸುಪಾಸಿನಲ್ಲಿ ನಡೆಯುವಾಗ ತೂರಾಡತೊಡಗುತ್ತಾರೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ, ಮೊಣಕಾಲು ತಟ್ಟಿದರೆ ಕಾಲು ಚಿಮ್ಮುವುದಿಲ್ಲ. ರಕ್ತಸಂಬಂಧದಲ್ಲಿ ಮದುವೆಯಾದ ತಂದೆತಾಯಿಗಳ ಮಕ್ಕಳಲ್ಲಿ ಇಂಥ ದೋಷಗಳು ಹೊರಬೀಳುವ ಸಂಭವ ಹೆಚ್ಚು. ಸೋದರಮಾವನಿಗೆ ಕೊಡುವ ವಾಡಿಕೆಯುಳ್ಳ ನಮ್ಮ ಕಡೆ ಇದನ್ನು ನೆನಪಿಡಬೇಕು. ಇದು ಬಹಳ ಅಪರೂಪ. ಆದರೆ ಬೇಗ ಗುರುತಿಸಿದರೆ ಜೀವನಪರ್ಯಂತ ಹೆಚ್ಚಿನ ಪ್ರಮಾಣದ ವಿಟಮಿನ್ ಇ ಕೊಟ್ಟು ಮುಂದಿನ ಹಾನಿಯನ್ನು ತಡೆಯಬಹುದಾದ ಕಾಯಿಲೆ. ಆದ್ದರಿಂದ ಮಗು ತೂರಾಡಿದರೆ ದೆವ್ವ, ದೃಷ್ಟಿ, ಶನಿಕಾಟ ಎಂದು ಕಾಲ ಕಳೆಯದೆ, ಜಿಲ್ಲಾಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕರೆದೊಯ್ದು ತೋರಿಸಿ. ಈ ಲೇಖನದ ಬೇರೆಲ್ಲ ಮಾತನ್ನು ಮರೆತರೂ ಇದೊಂದನ್ನು ಮರೆಯಬೇಡಿ.

ತಿಂಗಳು ತುಂಬದೆ ಹುಟ್ಟಿದ ಶಿಶುಗಳಲ್ಲಿಯೂ ಈ ವಿಟಮಿನ್ ಕಡಿಮೆ. 1960ರ ದಶಕದಲ್ಲಿ ಅಂಥ ಶಿಶುಗಳಿಗೆ ಅಪರ್ಯಾಪ್ತ ಕೊಬ್ಬು ಹೆಚ್ಚಿರುವ ಡಬ್ಬಿ ಹಾಲನ್ನು ಕೊಟ್ಟಾಗ ರಕ್ತಹೀನತೆ ಕಂಡುಬಂತು. ಆಮೇಲೆ ಡಬ್ಬಿ ಹಾಲಿನ ಸೂತ್ರವನ್ನು ತಿದ್ದಿದರು. ಆದರೆ ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೂ ಶಿಶುಗಳೇ ಬಲಿಯಾದರು. 1984ರಲ್ಲಿ ಅಮೆರಿಕದಲ್ಲಿ ಇ-ಫೆರಾಲ್ ಎಂಬ, ರಕ್ತನಾಳಕ್ಕೆ ಕೊಡುವ ವಿಟಮಿನ್ ಇ ದ್ರಾವಣವನ್ನು ಸರಿಯಾಗಿ ಪರೀಕ್ಷಿಸದೆ ಮಾರುಕಟ್ಟೆಗೆ ಬಿಡಲಾಗಿತ್ತು. ಅದನ್ನು ಪಡೆದ 38 ಶಿಶುಗಳು ತೀರಿಕೊಂಡವು. ವಿಟಮಿನ್ ಎಂಬ ಹೆಸರಿದ್ದುದರಿಂದ ಯಾರಿಗೂ ಸಂದೇಹ ಬಂದಿರಲಿಲ್ಲ.

ಗುಳಿಗೆಯ ಏಳುಬೀಳು

ಕೆನಡಾದಲ್ಲಿ ಇವಾನ್ ಮತ್ತು ವಿಲ್ಫ್ರಿಡ್ ಶೂಟ್ ಎಂಬ ವೈದ್ಯ ಸಹೋದರರು 1940ರ ದಶಕದಲ್ಲಿ ಹೃದ್ರೋಗಕ್ಕೆ ವಿಟಮಿನ್ ಇ ದಿವ್ಯೌಷಧಿಯೆಂದು ಸಾರಿದರು. 1993ರಲ್ಲಿ ಅಮೆರಿಕದ ಎರಡು ದೊಡ್ಡ ಸಮೀಕ್ಷೆಗಳು, ಈ ಗುಳಿಗೆ ನುಂಗುವವರಲ್ಲಿ ಹೃದಯಾಘಾತ ಕಡಿಮೆಯೆಂದು ಹೇಳಿದವು. ಆದರೆ ಗುಳಿಗೆ ಕೊಂಡು ನುಂಗುವವರು ಸಾಮಾನ್ಯವಾಗಿ ನಡಿಗೆಗೂ ಹೋಗುವವರು, ಬೀಡಿ ಸೇದದವರು, ವೈದ್ಯರನ್ನು ಕಾಣುವವರು. ಫಲ ಯಾವುದರಿಂದ ಬಂತೆಂದು ತಿಳಿಯಬೇಕಾದರೆ ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಗುಳಿಗೆ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಬರಿಯ ಗುಳಿಗೆ ಕೊಡಬೇಕು.

ಹಾಗೆ ಮಾಡಿದಾಗ ಚಿತ್ರ ಬದಲಾಯಿತು. 1994ರಲ್ಲಿ ಫಿನ್ಲೆಂಡಿನ 29,133 ಧೂಮಪಾನಿಗಳ ಅಧ್ಯಯನ ಪ್ರಕಟವಾಯಿತು. ಶ್ವಾಸಕೋಶದ ಕ್ಯಾನ್ಸರು ಕಡಿಮೆಯಾಗಲಿಲ್ಲ, ಮೆದುಳಿನ ರಕ್ತಸ್ರಾವದಿಂದ ಸತ್ತವರು ಗುಳಿಗೆಯ ಗುಂಪಿನಲ್ಲಿ ಹೆಚ್ಚಾಗಿದ್ದರು. 2000ದಲ್ಲಿ ಹೋಪ್ ಎಂಬ ಅಧ್ಯಯನ, ಹೃದ್ರೋಗದ ಅಪಾಯವಿದ್ದ ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ನಾಲ್ಕೂವರೆ ವರ್ಷ ದಿನಕ್ಕೆ 400 ಯೂನಿಟ್ ಕೊಟ್ಟು, ಪ್ರಯೋಜನವಿಲ್ಲವೆಂದು ತೋರಿಸಿತು. ಸೆಲೆಕ್ಟ್ ಎಂಬ ಅಧ್ಯಯನದಲ್ಲಿ 35,533 ಗಂಡಸರಿದ್ದರು. ಬರಿಯ ಗುಳಿಗೆ ಪಡೆದವರಿಗಿಂತ ವಿಟಮಿನ್ ಇ ಪಡೆದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ನೂರಕ್ಕೆ 17ರಷ್ಟು ಹೆಚ್ಚೆಂದು 2011ರಲ್ಲಿ ವರದಿಯಾಯಿತು. ಕೆಲವು ಬಗೆಯ ಕೊಬ್ಬಿದ ಯಕೃತ್ತಿನ ಕಾಯಿಲೆಯಲ್ಲಿ, ಬೇರೆ ಪೋಷಕಗಳೊಡನೆ ಕಣ್ಣಿನ ಮ್ಯಾಕುಲಾ ಸವೆತದಲ್ಲಿ ವೈದ್ಯರು ಇದನ್ನು ಲೆಕ್ಕವಿಟ್ಟು ಕೊಡುವುದುಂಟು. ಅದು ಚಿಕಿತ್ಸೆ, ನಾವು ಅಂಗಡಿಯಲ್ಲಿ ಕೇಳಿ ತರುವುದು ಚಿಕಿತ್ಸೆಯಲ್ಲ.

ಅಂಗಡಿಯ 400 ಮಿಲಿಗ್ರಾಮಿನ ಕೃತಕ ವಿಟಮಿನ್ನಿನ ಸಾಮರ್ಥ್ಯವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ ಲೆಕ್ಕ ಹಾಕಿದರೂ ಅದು ದಿನದ ಅಗತ್ಯದ ಸುಮಾರು ಇಪ್ಪತ್ತು ಪಟ್ಟು. ನಮ್ಮ ಬಂಧುವೊಬ್ಬರ ಅನುಭವವನ್ನು ಅವರ ಒಪ್ಪಿಗೆ ಪಡೆದು ಹೇಳುತ್ತೇನೆ. ಹೃದಯದ ಕವಾಟ ಬದಲಿಸಿಕೊಂಡು ರಕ್ತ ಹೆಪ್ಪುಗಟ್ಟದಿರುವ ಮಾತ್ರೆ ನುಂಗುತ್ತಿದ್ದ ಹೆಂಗಸು. ಕಾಲು ಸೆಳೆತಕ್ಕೆಂದು ಯಾರೋ ಹೇಳಿದ ಈ ಗುಳಿಗೆಯನ್ನು ದಿನಕ್ಕೆರಡರಂತೆ ಕೆಲವು ವಾರ ತೆಗೆದುಕೊಂಡರು. ಮೂಗಿನಿಂದ ರಕ್ತ ನಿಲ್ಲದೆ ಸೋರಿತು. ಒಂದು ರಾತ್ರಿ ಮನೆಯವರೆಲ್ಲ ಆಸ್ಪತ್ರೆಯಲ್ಲಿ ಕಳೆದೆವು. ಎಲ್ಲ ಮಾತ್ರೆಗಳನ್ನೂ ಹರಡಿಸಿ ನೋಡಿದ ವೈದ್ಯರು ಮೊದಲು ಬದಿಗಿಟ್ಟದ್ದು ಹಸಿರು ಗುಳಿಗೆಯನ್ನು. ಹೆಚ್ಚಿನ ಪ್ರಮಾಣದ ವಿಟಮಿನ್ ಇ ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿ ಮಾಡುತ್ತದೆ; ಆ ಮಾತ್ರೆಯೊಡನೆ ಸೇರಿದರೆ ಅಡ್ಡಿ ಇಮ್ಮಡಿ. ಆಕೆ ಚೇತರಿಸಿಕೊಂಡರು. ಸೆಳೆತದ ಕಾರಣ ಬೇರೆಯೇ ಇತ್ತು.

ಕಾಲು ಜೋಮು, ಉರಿ, ಸೆಳೆತಗಳಿಗೆ ನಮ್ಮಲ್ಲಿ ವಿಟಮಿನ್ ಇ ಕೊರತೆಗಿಂತ ಸಕ್ಕರೆ ಕಾಯಿಲೆ, ಬಿ12 ಕೊರತೆ, ಥೈರಾಯಿಡ್ ತೊಂದರೆಗಳು ಬಹಳ ಹೆಚ್ಚು ಸಾಮಾನ್ಯ. ಮಾಂಸ ತಿನ್ನದ, ಹಾಲು ಮೊಸರನ್ನೂ ಬಿಟ್ಟ ಮನೆಗಳಲ್ಲಿ ಬಿ12ನ್ನು ಮೊದಲು ಶಂಕಿಸಬೇಕು. ಗುಳಿಗೆ ನುಂಗುತ್ತ ಕೂತರೆ ನಿಜವಾದ ರೋಗಕ್ಕೆ ಕಾಲಾವಕಾಶ ಕೊಟ್ಟಂತಾಗುತ್ತದೆ. ಈ ಗುಳಿಗೆಯ ದೊಡ್ಡ ಅಪಾಯ ಬಹುಶಃ ಅದೇ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಪೂರ್ತಿ ನಂಬಬೇಡಿ. ಊಟ ಬಲ್ಲವರಿಗೂ ರೋಗ ಬರುತ್ತದೆ. ಆದರೆ ವಿಟಮಿನ್ ಇ ಮಟ್ಟಿಗೆ ಆ ಗಾದೆ ಬಹುಪಾಲು ನಿಜ. ಪ್ರತಿದಿನ ಒಂದು ಸೊಪ್ಪು, ಒಂದು ಹಿಡಿ ಕಡಲೆಕಾಯಿ ಅಥವಾ ಒಂದು ಚಮಚ ಹುಚ್ಚೆಳ್ಳಿನ ಪುಡಿ, ಮಿತವಾಗಿ ಎಣ್ಣೆ. ಇಷ್ಟಿದ್ದರೆ ಆರೋಗ್ಯವಂತರಿಗೆ ಸಾಕು. ಈಗಾಗಲೇ ವೈದ್ಯರು ಬರೆದುಕೊಟ್ಟಿದ್ದರೆ ಅವರನ್ನು ಕೇಳದೆ ನಿಲ್ಲಿಸಬೇಡಿ. ಬರೆದುಕೊಡದಿದ್ದರೆ ಕೇಳದೆ ಆರಂಭಿಸಬೇಡಿ.

ಊರಿನಲ್ಲಿ ಜಮೀನು ಉಳಿಸಿಕೊಂಡಿರುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಮುಂದಿನ ಮುಂಗಾರಿಗೆ ರಾಗಿ ಬಿತ್ತುವಾಗ ಅಂಚಿಗೆ ನಾಲ್ಕು ಸಾಲು ಹುಚ್ಚೆಳ್ಳು ಹಾಕಿ. ಬೀಜ ಹಳಬರ ಮನೆಗಳಲ್ಲಿ ಇನ್ನೂ ಸಿಗುತ್ತದೆ. ಅವರ ನಂತರ ಸಿಗುತ್ತದೆಯೋ ಇಲ್ಲವೋ ಎಂಬುದು ನಾವು ಈಗ ಕೇಳಿ ಪಡೆಯುವುದರ ಮೇಲೆ ನಿಂತಿದೆ.